ಹುತ್ರಿದುರ್ಗಕ್ಕೆ ಎಷ್ಟು ಬಿಲ್ಲೆ? ಆಟಿಕೆ ಇಟ್ಟಿಗೆ ಚಿತ್ರದ ಲೆಕ್ಕಾಚಾರ

ಮೊಸಾಯಿಕ್ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಕೆಲವು ದಶಕಗಳ ಹಿಂದೆ ಕಟ್ಟಿದ ಮನೆಗಳ ನೆಲ. ಬಣ್ಣದ ಕಲ್ಲಿನ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಯಂತ್ರದಿಂದ ಉಜ್ಜಿ ನುಣುಪು ಮಾಡಿದ ಆ ನೆಲಗಳು ಈಗ ವಿಟ್ರಿಫೈಡ್ ಟೈಲ್ಸ್‌ಗೆ ಜಾಗ ಬಿಟ್ಟುಕೊಟ್ಟಿವೆ. ಆದರೆ ಚೂರುಗಳನ್ನು ಜೋಡಿಸಿ ಚಿತ್ರ ಮೂಡಿಸುವ ಮೂಲ ಕಲೆಗೆ ಸಾವು ಬಂದಿಲ್ಲ. ರೋಮನ್ನರ ಕಾಲಕ್ಕಿಂತಲೂ ಹಳೆಯದಾದ ಆ ಕಲೆ ಇಂದು ಮಕ್ಕಳ ಆಟಿಕೆ ಪೆಟ್ಟಿಗೆಯೊಳಗೆ ಹೊಸ ರೂಪ ತಳೆದಿದೆ. ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಭಾವಚಿತ್ರ, ಭೂದೃಶ್ಯಗಳನ್ನು ರಚಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಹವ್ಯಾಸವದು.

ಹೊರನೋಟಕ್ಕೆ ಇದು ಸುಲಭದ ಕೆಲಸ. ತಂತ್ರಾಂಶಕ್ಕೆ ಒಂದು ಛಾಯಾಚಿತ್ರ ಕೊಟ್ಟರೆ ಕ್ಷಣಾರ್ಧದಲ್ಲಿ ಚೌಕಗಳ ನಕ್ಷೆ ಸಿದ್ಧ. ಅದರಂತೆ ಸಾವಿರಾರು ತುಂಡುಗಳನ್ನು ತರಿಸಿ ಜೋಡಿಸಿದರಾಯಿತು. ಆದರೆ ಹಣ, ಶ್ರಮ ಎರಡೂ ಮುಗಿದ ಮೇಲೆ ಗುರುತೇ ಸಿಗದ ಬಣ್ಣದ ಗೊಂದಲವೊಂದು ಎದುರು ನಿಂತರೆ? ಮೊದಲ ಬಿಲ್ಲೆಯನ್ನು ಕೂರಿಸುವುದಕ್ಕೂ ಮುನ್ನವೇ ಈ ಕಲೆಯ ಸೋಲು ಗೆಲುವು ನಿರ್ಧಾರವಾಗಿರುತ್ತದೆ. ಅಳತೆ, ಬಣ್ಣ ಮತ್ತು ಕಟ್ಟು ಎಂಬ ಮೂರು ವಿಷಯಗಳಲ್ಲಿ ಏನನ್ನು ಉಳಿಸಬೇಕು, ಏನನ್ನು ಕೈಬಿಡಬೇಕು ಎಂಬ ತೀರ್ಮಾನವೇ ಇಲ್ಲಿನ ನಿಜವಾದ ಕುಶಲತೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಎಂಟು ಮಿಲಿಮೀಟರಿನ ಜಗತ್ತು

ಈ ಇಟ್ಟಿಗೆಗಳ ತವರು ಡೆನ್ಮಾರ್ಕಿನ ಬಿಲುಂಡ್. ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿ 1932ರಲ್ಲಿ ಅಲ್ಲಿ ಮರದ ಆಟಿಕೆಗಳ ತಯಾರಿಕೆ ಆರಂಭಿಸಿದರು. ನಮ್ಮ ಚನ್ನಪಟ್ಟಣದಂತೆಯೇ ಅಲ್ಲಿಯೂ ಮೊದಲಿದ್ದದ್ದು ಮರ, ಪ್ಲಾಸ್ಟಿಕ್ ಬಂದದ್ದು ಆಮೇಲೆ. 'ಚೆನ್ನಾಗಿ ಆಡು' ಎಂಬ ಅರ್ಥದ ಡೇನಿಷ್ ಪದಗಳಿಂದ ಹುಟ್ಟಿದ ಹೆಸರು ಲೆಗೊ. ಇಂದು ಬಳಕೆಯಲ್ಲಿರುವ, ಒಳಗೆ ಕೊಳವೆಗಳಿರುವ ಇಟ್ಟಿಗೆಯ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದು 1958ರ ಜನವರಿ 28ರಂದು. 1963ರಿಂದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಳಕೆಗೆ ಬಂತು.

ಇಟ್ಟಿಗೆಯ ಮೇಲಿರುವ ಗುಬುಟುಗಳ ನಡುವಿನ ಅಂತರ 8 ಮಿಲಿಮೀಟರ್. ಪೂರ್ಣ ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಚಪ್ಪಟೆ ತುಂಡಿನ ಎತ್ತರ ಅದರ ಮೂರನೆಯ ಒಂದು ಭಾಗ, ಅಂದರೆ 3.2 ಮಿಲಿಮೀಟರ್. ಚಿತ್ರಕಾರನ ಪಾಲಿಗೆ ಈ ಮೂರು ಸಂಖ್ಯೆಗಳೇ ವ್ಯಾಕರಣ. ಪ್ರತಿ ಸಾಲಿನಲ್ಲಿ 32 ಗುಬುಟುಗಳಿರುವ ತಳಹಲಗೆಯ ಅಗಲ 25.6 ಸೆಂಟಿಮೀಟರ್, ಅದರಲ್ಲಿ ಹಿಡಿಸುವ ಬಿಲ್ಲೆಗಳು 1,024. 48 ಗುಬುಟುಗಳ ತಳಹಲಗೆಯಾದರೆ 38.4 ಸೆಂಟಿಮೀಟರ್ ಅಗಲ, 2,304 ಬಿಲ್ಲೆ. ಈ ಎಂಟು ಮಿಲಿಮೀಟರನ್ನು ಅರ್ಧ ಮಾಡಲು ಬರುವುದಿಲ್ಲ. ಕುಂಚ ಹಿಡಿದವನು ಕೂದಲೆಳೆಯಷ್ಟು ಗೆರೆ ಎಳೆಯಬಲ್ಲ. ಬಿಲ್ಲೆ ಹಿಡಿದವನಿಗೆ ಆ ಸ್ವಾತಂತ್ರ್ಯವಿಲ್ಲ.

ಎಣಿಸಿ ಬಿಡಿಸುವ ಕಲೆ ನಮಗೆ ಹೊಸದಲ್ಲ

ಇಂತಹ ಕಟ್ಟುಪಾಡಿನೊಳಗೆ ಚಿತ್ರ ಬರೆಯುವುದು ಕನ್ನಡ ನಾಡಿಗೆ ಅಪರಿಚಿತವೇನಲ್ಲ. ಚುಕ್ಕಿ ಇಟ್ಟು ರಂಗೋಲಿ ಬಿಡಿಸುವ ಗೃಹಿಣಿ ಮೊದಲು ಹಾಕುವುದು ಲೆಕ್ಕವನ್ನೇ. ಧಾರವಾಡ ಸೀಮೆಯ ಕಸೂತಿಯಂತೂ ಇದರ ಅಪ್ಪಟ ಸೋದರಿ. ಕಸೂತಿ ಹಾಕುವವರು ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆಯ ಅಂಬಾರಿ, ತುಳಸಿ ಕಟ್ಟೆಗಳನ್ನು ಮೂಡಿಸುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಗೂ ಎಣಿಕೆಯೇ ಆಧಾರ.

ಕಸೂತಿಯ ಆನೆ ನಿಜವಾದ ಆನೆಯಂತೆ ಇರುವುದಿಲ್ಲ. ಆದರೂ ಅದು ಆನೆಯೇ ಎಂಬುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಸೊಂಡಿಲು, ಕಾಲು, ಅಂಬಾರಿ ಇಷ್ಟನ್ನು ಉಳಿಸಿ ಉಳಿದದ್ದನ್ನು ಬಿಟ್ಟ ಯಾರೋ ಅಜ್ಞಾತ ಕಲಾವಿದೆಯ ಜಾಣ್ಮೆ ಅದು. ತಂತ್ರಾಂಶಕ್ಕೆ ಈ ಜಾಣ್ಮೆ ಸುಲಭವಾಗಿ ದಕ್ಕುವುದಿಲ್ಲ. ಅದು ಪ್ರತಿ ಚೌಕದ ಸರಾಸರಿ ಬಣ್ಣವನ್ನು ಲೆಕ್ಕ ಹಾಕಿ ಹೇಳುತ್ತದೆಯೇ ಹೊರತು ಸೊಂಡಿಲು ಮುಖ್ಯ, ಬಾಲ ಮುಖ್ಯವಲ್ಲ ಎಂದು ತೀರ್ಮಾನಿಸುವುದಿಲ್ಲ.

ದೂರ ನಿಂತರೆ ಸಾಕೆ?

'ಹತ್ತಿರದಿಂದ ನೋಡಬೇಡಿ, ದೂರದಿಂದ ನೋಡಿ' ಎಂಬುದು ಇಂತಹ ಚಿತ್ರಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಸಲಹೆ. ಅಮೆರಿಕದ ಬೆಲ್ ಪ್ರಯೋಗಾಲಯದ ಲಿಯಾನ್ ಹಾರ್ಮನ್ 1973ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಪ್ರಸಿದ್ಧ. ಅಬ್ರಹಾಂ ಲಿಂಕನ್ನರ ಭಾವಚಿತ್ರವನ್ನು ಕೆಲವೇ ನೂರು ಬೂದು ಚೌಕಗಳಿಗೆ ಇಳಿಸಿ ಅವರು ತೋರಿಸಿದ್ದರು. ಹತ್ತಿರದಿಂದ ಬರಿಯ ಚೌಕಗಳು. ಕಣ್ಣು ಕಿರಿದು ಮಾಡಿದರೆ ಲಿಂಕನ್. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ಇದರಿಂದ ಪ್ರೇರಿತರಾಗಿ 1976ರಲ್ಲಿ ರಚಿಸಿದ ವರ್ಣಚಿತ್ರದಲ್ಲಿ, ಸಮುದ್ರದತ್ತ ಮುಖ ಮಾಡಿ ನಿಂತ ಮಹಿಳೆಯ ದೃಶ್ಯವೇ ದೂರಕ್ಕೆ ಲಿಂಕನ್ನರ ಮುಖವಾಗಿ ಕಾಣುತ್ತದೆ.

ಆದರೆ ಮನೆಯ ಗೋಡೆಯ ಸಂಗತಿ ಬೇರೆ. ಆರೋಗ್ಯವಂತ ಕಣ್ಣು ಸುಮಾರು ಒಂದು ಕಲೆಯಷ್ಟು, ಅಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಬೇರ್ಪಡಿಸಿ ನೋಡಬಲ್ಲದು. ಆ ಲೆಕ್ಕದಲ್ಲಿ 8 ಮಿಲಿಮೀಟರಿನ ಚೌಕ ಕಣ್ಣಿಗೆ ಪೂರ್ತಿ ಕರಗಬೇಕಾದರೆ 27 ಮೀಟರ್ ದೂರ ಬೇಕು. ನಗರದ ಯಾವ ವಸತಿ ಗೃಹದ ನಡುಮನೆಯೂ ಅಷ್ಟು ಉದ್ದವಿರದು. ಹೀಗಾಗಿ ಮನೆಯಲ್ಲಿ ಚೌಕಗಳು ಕಂಡೇ ಕಾಣುತ್ತವೆ. ಅವುಗಳ ನಡುವೆಯೂ ಮಿದುಳು ಚಿತ್ರವನ್ನು ಗುರುತಿಸುವಂತೆ ಮಾಡುವುದು ಅಂಚು ಮತ್ತು ನೆರಳು ಬೆಳಕಿನ ಸ್ಪಷ್ಟತೆ ಮಾತ್ರ. ಇದನ್ನು ಪರೀಕ್ಷಿಸಲು ಖರ್ಚಿಲ್ಲದ ಉಪಾಯವಿದೆ. ತಂತ್ರಾಂಶ ಕೊಟ್ಟ ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಮುದ್ರಿಸಿ, ಚಿತ್ರ ತೂಗುಹಾಕಬೇಕೆಂದಿರುವ ಗೋಡೆಗೆ ಅಂಟಿಸಿ, ಮನೆಯವರು ಸಾಮಾನ್ಯವಾಗಿ ಕೂರುವ ಜಾಗದಿಂದ ನೋಡಬೇಕು. ವಿಷಯ ಗೊತ್ತಿಲ್ಲದ ಒಬ್ಬರನ್ನು ಕರೆದು 'ಇದೇನು?' ಎಂದು ಕೇಳಬೇಕು. ಉತ್ತರ ಬರದಿದ್ದರೆ ಖರೀದಿಗೆ ಇನ್ನೂ ಕಾಲ ಕೂಡಿಬಂದಿಲ್ಲ ಎಂದೇ ಅರ್ಥ.

ಬೆಟ್ಟವೋ, ಬಾಗಿಲೋ?

ಈಗ ಹುತ್ರಿದುರ್ಗಕ್ಕೆ ಬರೋಣ. ಸಮುದ್ರಮಟ್ಟದಿಂದ ಸುಮಾರು 1,130 ಮೀಟರ್ ಎತ್ತರದ ಈ ಬೋಳು ಬಂಡೆಯ ಬೆಟ್ಟ, ಮಾಗಡಿಯ ಕೆಂಪೇಗೌಡರ ಮನೆತನದೊಂದಿಗೆ ತಳುಕು ಹಾಕಿಕೊಂಡಿರುವ ನವದುರ್ಗಗಳಲ್ಲಿ ಒಂದು. ಸಾಲು ಬಾಗಿಲುಗಳನ್ನು ದಾಟಿ ಮೇಲೇರಿದರೆ ಶಂಕರೇಶ್ವರ ದೇಗುಲ. 1791ರ ಡಿಸೆಂಬರ್‌ನಲ್ಲಿ, ಮೂರನೆಯ ಮೈಸೂರು ಯುದ್ಧದ ಸಂದರ್ಭದಲ್ಲಿ, ಕಾರ್ನ್‌ವಾಲಿಸನ ಸೇನೆ ಸಾವನದುರ್ಗವನ್ನು ವಶಪಡಿಸಿಕೊಂಡ ಕೆಲವೇ ದಿನಗಳಲ್ಲಿ ಈ ಕೋಟೆಯೂ ಅದರ ಕೈ ಸೇರಿತು.

48 ಗುಬುಟಿನ ಎರಡು ತಳಹಲಗೆಗಳನ್ನು ಪಕ್ಕಪಕ್ಕ ಇಟ್ಟರೆ 76.8 ಸೆಂಟಿಮೀಟರ್ ಅಗಲ, 38.4 ಸೆಂಟಿಮೀಟರ್ ಎತ್ತರದ ಚಿತ್ರಕ್ಕೆ ಜಾಗ ಸಿಗುತ್ತದೆ. ಒಟ್ಟು ಬಿಲ್ಲೆಗಳು 4,608. ಬೆಟ್ಟವೂ ಅದರ ಆಸುಪಾಸೂ ಸೇರಿ ಒಂದು ಕಿಲೋಮೀಟರ್ ಅಗಲದ ದೃಶ್ಯವನ್ನು ಇದರಲ್ಲಿ ಹಿಡಿಯುವುದಾದರೆ ಒಂದೊಂದು ಬಿಲ್ಲೆಯ ಪಾಲಿಗೆ ಬರುವುದು ಹತ್ತು ಮೀಟರಿಗೂ ಹೆಚ್ಚು ಅಗಲ. ಮೂರು ನಾಲ್ಕು ಮೀಟರ್ ಅಗಲದ ಕೋಟೆ ಬಾಗಿಲು ಅರ್ಧ ಬಿಲ್ಲೆಗೂ ಸಾಲದು. ಕೋಟೆ ಗೋಡೆಯ ಗತಿಯೂ ಅಷ್ಟೇ. ತಂತ್ರಾಂಶ ಬಂಡೆಯ ಬಣ್ಣದೊಂದಿಗೆ ಗೋಡೆಯ ಬಣ್ಣವನ್ನು ಕೂಡಿಸಿ, ಭಾಗಿಸಿ, ಒಂದೇ ಬೂದು ಮಾಡಿಬಿಡುತ್ತದೆ. ಫಲಿತಾಂಶ: ದುರ್ಗದ ಚಿತ್ರದಲ್ಲಿ ಬೆಟ್ಟ ಉಳಿಯುತ್ತದೆ, ದುರ್ಗ ಮಾಯವಾಗುತ್ತದೆ. ನೋಡಿದವರಿಗೆ ಅದು ಹುತ್ರಿದುರ್ಗವೂ ಆಗಬಹುದು, ಹಳೆ ಮೈಸೂರು ಸೀಮೆಯ ಇನ್ನಾವುದೇ ಬಂಡೆಗುಡ್ಡವೂ ಆಗಬಹುದು.

ಇದಕ್ಕೆ ಪರಿಹಾರ ಎರಡು. ಮೊದಲನೆಯದು ಉದ್ದೇಶಪೂರ್ವಕ ಉತ್ಪ್ರೇಕ್ಷೆ. ಗೋಡೆ ಸಾಗುವ ಜಾಡಿನಲ್ಲಿ ಕಡುಬೂದು ಬಣ್ಣದ ಒಂದು ಸಾಲನ್ನು ಕೈಯಾರೆ ಸೇರಿಸುವುದು. ಅಳತೆಯ ಪ್ರಕಾರ ಅದು ತಪ್ಪು. ಆದರೆ ಭೂಪಟದಲ್ಲಿ ಹೆದ್ದಾರಿಯನ್ನು ತೋರಿಸುವಾಗಲೂ ಇದೇ ರೀತಿ ಅದನ್ನು ನಿಜಕ್ಕಿಂತ ಹಲವು ಪಟ್ಟು ಅಗಲವಾಗಿ ಎಳೆಯಲಾಗುತ್ತದೆ. ಹಾಗೆ ಮಾಡದಿದ್ದರೆ ರಸ್ತೆ ಕಾಣುವುದೇ ಇಲ್ಲ. ಎರಡನೆಯ ಪರಿಹಾರ, ಬೆಟ್ಟವನ್ನು ಬಿಟ್ಟು ಬಾಗಿಲನ್ನೇ ಆರಿಸಿಕೊಳ್ಳುವುದು. ಹನ್ನೆರಡು ಮೀಟರ್ ಅಗಲದ ದೃಶ್ಯವಾದರೆ ಒಂದು ಬಿಲ್ಲೆಗೆ ಹನ್ನೆರಡೂವರೆ ಸೆಂಟಿಮೀಟರ್. ಅರ್ಧ ಮೀಟರ್ ಗಾತ್ರದ ಕಲ್ಲಿಗೆ ನಾಲ್ಕು ಬಿಲ್ಲೆ ಸಿಕ್ಕಿ ಕಲ್ಲುಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಬೆಟ್ಟ, ಬಾಗಿಲು ಎರಡೂ ಬೇಕೆಂಬ ಆಸೆ ಮಾತ್ರ ಈ ಅಳತೆಯಲ್ಲಿ ಕೈಗೂಡದು.

ಬೂದು ಬಣ್ಣದ ಬಿಕ್ಕಟ್ಟು

ಬಣ್ಣಗಳು ಹೆಚ್ಚಿದಷ್ಟೂ ಚಿತ್ರ ಚೆನ್ನಾಗಿರುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಲೆಗೊ ಕಂಪನಿಯೇ 2020ರಲ್ಲಿ ಹೊರತಂದ, ಗ್ರಾಹಕರು ತಮ್ಮ ಮುಖವನ್ನೇ ಜೋಡಿಸಿಕೊಳ್ಳುವ ಭಾವಚಿತ್ರದ ಪೆಟ್ಟಿಗೆಯಲ್ಲಿದ್ದ ಬಣ್ಣಗಳು ಕೇವಲ ಐದು: ಬಿಳಿ, ತಿಳಿಬೂದು, ಕಡುಬೂದು, ಕಪ್ಪು ಮತ್ತು ಹಳದಿ. ಮುಖಕ್ಕೆ ಅಷ್ಟು ಸಾಕು. ಮೂಗಿನ ನೆರಳು, ಕಣ್ಣಿನ ಗುಳಿ, ತುಟಿಯ ಅಂಚು ಎಲ್ಲವೂ ಬಣ್ಣಕ್ಕಿಂತ ಹೆಚ್ಚಾಗಿ ಬೆಳಕಿನ ಏರಿಳಿತದಿಂದ ಗುರುತಾಗುವಂಥವು.

ಹುತ್ರಿದುರ್ಗದಂತಹ ಗ್ರಾನೈಟ್ ಬೆಟ್ಟಕ್ಕೆ ಈ ಪಟ್ಟಿ ಸಾಲದು. ಬಂಡೆಯ ಮೇಲೆ ಮಳೆನೀರು ಹರಿದ ಕಪ್ಪು ಪಟ್ಟೆಗಳು, ಬಿಸಿಲಿಗೆ ಬೆಳ್ಳಗೆ ಹೊಳೆಯುವ ಮೈ, ಕೆಳಗಿನ ಕುರುಚಲು ಕಾಡು, ಮೇಲಿನ ಆಕಾಶ ಇಷ್ಟಕ್ಕೂ ಸೇರಿ ಏಳೆಂಟು ಬಣ್ಣ ಬೇಕಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಲೆಗೊ ಕಂಪನಿ 2004ರ ಹೊತ್ತಿಗೆ ತನ್ನ ಎರಡೂ ಬೂದು ಬಣ್ಣಗಳನ್ನು ತುಸು ನೀಲಿಯತ್ತ ಬದಲಿಸಿತು. ಹಳೆಯ ಪೆಟ್ಟಿಗೆಯ ಬೂದು ಇಟ್ಟಿಗೆಗಳನ್ನು ಹೊಸದರ ಜೊತೆ ಬೆರೆಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಭಾವಚಿತ್ರದಲ್ಲಿ ಅದು ದೋಷ. ಬಂಡೆಯ ಚಿತ್ರದಲ್ಲಿ ಅದೇ ವರ. ನೆರಳಿಗೆ ನೀಲಿಬೂದು, ಬಿಸಿಲಿಗೆ ಹಳೆಯ ಹಳದಿ ಮಿಶ್ರಿತ ಬೂದು ಬಳಸಿದರೆ ಬಂಡೆಗೆ ಜೀವ ಬರುತ್ತದೆ.

ಎರಡು ಬಣ್ಣಗಳ ನಡುವಿನ ಛಾಯೆ ಬೇಕಾದಾಗ ಎರಡನ್ನೂ ಚದುರಂಗದ ಮನೆಗಳಂತೆ ಬೆರೆಸುವುದು ವಾಡಿಕೆ. ಇದನ್ನು ಗಣಿತದ ಸೂತ್ರಕ್ಕೆ ಅಳವಡಿಸಿದವರು ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್. 1976ರಲ್ಲಿ ಪ್ರಕಟವಾದ ಅವರ ವಿಧಾನವನ್ನು ಇಂದಿಗೂ ತಂತ್ರಾಂಶಗಳು ಬಳಸುತ್ತವೆ. ಒಂದು ಚೌಕದಲ್ಲಿ ಆದ ಬಣ್ಣದ ತಪ್ಪನ್ನು ಪಕ್ಕದ ಚೌಕಗಳಿಗೆ ಹಂಚುವುದು ಇದರ ಗುಟ್ಟು. ಲಕ್ಷಾಂತರ ಚುಕ್ಕಿಗಳಿರುವ ಮುದ್ರಣಕ್ಕೆ ಇದು ಸೊಗಸು. ನಾಲ್ಕು ಸಾವಿರ ಬಿಲ್ಲೆಗಳ ಚಿತ್ರದಲ್ಲಿ ಅತಿಯಾದರೆ ಆಕಾಶದ ತುಂಬ ಮರಳು ಎರಚಿದಂತೆ ಕಾಣುತ್ತದೆ. ಆಕಾಶವನ್ನು ಒಂದೇ ಬಣ್ಣಕ್ಕೆ ಬಿಟ್ಟು ಬಂಡೆಯಲ್ಲಿ ಮಾತ್ರ ಬೆರೆಸುವುದು ಮೇಲು.

ಗೋಡೆಯಂತೆ ಕಟ್ಟುವ ಬಗೆ

ಬಿಲ್ಲೆಗಳನ್ನು ತಳಹಲಗೆಯ ಮೇಲೆ ಒತ್ತುವುದು ಒಂದು ವಿಧಾನ. ಚಪ್ಪಟೆ ತುಂಡುಗಳನ್ನು ಗೋಡೆಯಂತೆ ಒಂದರ ಮೇಲೊಂದು ಪೇರಿಸಿ, ಅದರ ಬದಿಯನ್ನೇ ಚಿತ್ರವಾಗಿಸುವುದು ಇನ್ನೊಂದು. ಇಲ್ಲಿ ಒಂದು ಚೌಕದ ಎತ್ತರ 8ರ ಬದಲು 3.2 ಮಿಲಿಮೀಟರ್. ಅದೇ 38.4 ಸೆಂಟಿಮೀಟರ್ ಎತ್ತರದಲ್ಲಿ 48ರ ಬದಲು 120 ಸಾಲುಗಳು ಹಿಡಿಸುತ್ತವೆ. ಮೇಲಿನಿಂದ ಕೆಳಕ್ಕೆ ಸೂಕ್ಷ್ಮತೆ ಎರಡೂವರೆ ಪಟ್ಟು ಹೆಚ್ಚುತ್ತದೆ. ಬೆಟ್ಟದ ಇಳಿಜಾರಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣದೆ ನಯವಾಗುತ್ತದೆ. ಗಾರೆ ಕೆಲಸದವರು ಮಾಡುವಂತೆ ಒಂದು ಸಾಲಿನ ಸಂದು ಇನ್ನೊಂದು ಸಾಲಿನ ಸಂದಿನ ಮೇಲೆ ಬಾರದಂತೆ ಉದ್ದ ತುಂಡುಗಳನ್ನು ಹೆಣೆದರೆ ಚಿತ್ರ ತಾನೇ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಒಂದೇ ಗುಬುಟಿನ ತುಂಡುಗಳಿಂದ ಇಡೀ ಚಿತ್ರವನ್ನು ಹೀಗೆ ಕಟ್ಟಲು ಬರುವುದಿಲ್ಲ, ಕಂಬಗಳು ಒಂದರಿಂದೊಂದು ಬೇರೆಯಾಗಿ ಬಾಗುತ್ತವೆ. ಬಿಚ್ಚಿ ತಿದ್ದುವುದೂ ಕಷ್ಟ. ಹೊಸಬರಿಗೆ ಮೊದಲ ವಿಧಾನವೇ ಲೇಸು.

ಜೇಬಿಗೆ ಎಷ್ಟು ಭಾರ?

ತುಂಡೊಂದಕ್ಕೆ 3 ರೂಪಾಯಿ ಎಂದು ಲೆಕ್ಕ ಹಿಡಿದರೂ 4,608 ತುಂಡಿಗೆ 13,824 ರೂಪಾಯಿ. 32 ಗುಬುಟಿನ ಒಂದೇ ಹಲಗೆಗಾದರೆ 3,072 ರೂಪಾಯಿ. ಉಳಿತಾಯಕ್ಕೆ ದಾರಿಯಿದೆ. ಚಿತ್ರದ ಮೂರನೆಯ ಒಂದು ಭಾಗ ಆಕಾಶವಾದರೆ ಅಲ್ಲಿಗೆ ಬೇಕಾದ ಒಂಟಿ ಬಿಲ್ಲೆಗಳು 1,536. ನಾಲ್ಕು ಗುಬುಟಿನ ಚೌಕ ತುಂಡು ಬಳಸಿದರೆ 384 ಸಾಕು.

ವಿದೇಶಿ ಆಟಿಕೆಗಳ ಬೆಲೆಗೆ ಸುಂಕವೂ ಒಂದು ಕಾರಣ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಮುದ್ರೆ ಕಡ್ಡಾಯವಾಯಿತು. ಇಟ್ಟಿಗೆಯ ಮೂಲ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಇಟ್ಟಿಗೆಯ ಆಕಾರವನ್ನೇ ವ್ಯಾಪಾರ ಚಿಹ್ನೆಯಾಗಿ ಕಾಯ್ದಿರಿಸಿಕೊಳ್ಳುವ ಕಂಪನಿಯ ಪ್ರಯತ್ನವನ್ನು ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ, ಐರೋಪ್ಯ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿದವು. ಹೀಗಾಗಿ ಇತರ ತಯಾರಕರ ಹೊಂದಾಣಿಕೆಯ ಇಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ. ಸಾವಿರಗಟ್ಟಲೆ ಕೊಳ್ಳುವ ಮೊದಲು ನೂರು ತುಂಡು ತರಿಸಿ, ಸಾಲಾಗಿ ಜೋಡಿಸಿ, ಕಚ್ಚುವ ಬಿಗಿ ಮತ್ತು ಬಣ್ಣದ ಏಕರೂಪತೆಯನ್ನು ನೋಡುವುದು ವಿವೇಕ. ಒಂದು ತುಂಡಿನಲ್ಲಿ ಲೆಕ್ಕಕ್ಕೆ ಬಾರದ ಅಳತೆಯ ವ್ಯತ್ಯಾಸ ತೊಂಬತ್ತಾರು ತುಂಡುಗಳ ಸಾಲಿನಲ್ಲಿ ಹಲಗೆಯನ್ನೇ ಬಾಗಿಸೀತು.

ಆಟಿಕೆಯಾದರೂ ಆಟವಲ್ಲ

ಇಷ್ಟೆಲ್ಲ ಮಾಡಿದರೂ ಇದು ಮಕ್ಕಳಾಟವಲ್ಲವೇ ಎಂದು ಮೂಗು ಮುರಿಯುವವರಿದ್ದಾರೆ. ಚೀನಾದ ಕಲಾವಿದ ಆಯ್ ವೇಯ್‌ವೇಯ್ ಇದಕ್ಕೆ ಉತ್ತರ ನೀಡಿದ್ದಾರೆ. 2014ರಲ್ಲಿ ಅಮೆರಿಕದ ಹಳೆಯ ಸೆರೆಮನೆ ದ್ವೀಪ ಆಲ್ಕಟ್ರಾಜ್‌ನಲ್ಲಿ, ತಮ್ಮ ನಂಬಿಕೆ ಅಥವಾ ಮಾತಿಗಾಗಿ ಸೆರೆವಾಸ, ಗಡಿಪಾರು ಅನುಭವಿಸಿದ 176 ಮಂದಿಯ ಮುಖಗಳನ್ನು ಲೆಗೊ ಇಟ್ಟಿಗೆಗಳಲ್ಲಿ ಅವರು ನೆಲದ ಮೇಲೆ ಹಾಸಿದರು. ಮರುವರ್ಷ ಮತ್ತೊಂದು ಕೃತಿಗಾಗಿ ದೊಡ್ಡ ಪ್ರಮಾಣದಲ್ಲಿ ಇಟ್ಟಿಗೆ ಕೇಳಿದಾಗ, ರಾಜಕೀಯ ಉದ್ದೇಶಕ್ಕೆ ಕೊಡಲಾಗದೆಂದು ಕಂಪನಿ ನಿರಾಕರಿಸಿತು. ಜನರೇ ತಮ್ಮ ಮನೆಯ ಇಟ್ಟಿಗೆಗಳನ್ನು ಕಲಾವಿದನಿಗೆ ಕೊಡಲು ಮುಂದಾದರು. 2016ರ ಜನವರಿಯಲ್ಲಿ ಕಂಪನಿ ತನ್ನ ನಿಯಮವನ್ನೇ ಸಡಿಲಿಸಬೇಕಾಯಿತು. 2023ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ಅವರ ನೈದಿಲೆ ಕೊಳದ ಚಿತ್ರದಲ್ಲಿ 22 ಬಣ್ಣಗಳ ಸುಮಾರು ಆರೂವರೆ ಲಕ್ಷ ಇಟ್ಟಿಗೆಗಳಿದ್ದವು.

ಕಟ್ಟು ಹಾಕಿಸುವಾಗ ಎಚ್ಚರ

ಚಿತ್ರ ಮುಗಿದ ಮೇಲಿನ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುವುದು. ದೇವರ ಪಟ, ಮದುವೆಯ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಗಳು ಪ್ರತಿ ಊರಿನಲ್ಲೂ ಇವೆ. ಆದರೆ ಅಲ್ಲಿನ ಸಾಮಾನ್ಯ ಪಟ್ಟಿ ಕಾಗದದ ದಪ್ಪಕ್ಕೆ ತಯಾರಾದದ್ದು. ತಳಹಲಗೆ, ಬಿಲ್ಲೆ, ಗುಬುಟು ಸೇರಿ ಆರೂವರೆ ಮಿಲಿಮೀಟರಿನಷ್ಟು ದಪ್ಪ. ಹಿಂಬದಿಗೆ 6 ಮಿಲಿಮೀಟರ್ ಪ್ಲೈವುಡ್, ಮುಂದೆ ಗಾಜು, ಗಾಜು ಗುಬುಟಿಗೆ ತಾಗದಂತೆ ಮೂರ್ನಾಲ್ಕು ಮಿಲಿಮೀಟರ್ ತೆರಪು. ಒಟ್ಟು 20 ಮಿಲಿಮೀಟರ್ ಆಳದ ತೋಡಿರುವ ಪಟ್ಟಿಯನ್ನೇ ಕೇಳಿ ಪಡೆಯಬೇಕು.

ಕಟ್ಟಿನ ತುಟಿ ಚಿತ್ರದ ಅಂಚನ್ನು ಐದಾರು ಮಿಲಿಮೀಟರ್ ನುಂಗುತ್ತದೆ. ಅಂದರೆ ಹೊರಸಾಲಿನ ಬಿಲ್ಲೆಗಳು ಬಹುಪಾಲು ಮರೆಯಾಗುತ್ತವೆ. ಆದ್ದರಿಂದ ನಕ್ಷೆ ಹಾಕುವಾಗಲೇ ಸುತ್ತ ಒಂದು ಸಾಲನ್ನು ಕಪ್ಪು ಅಂಚಾಗಿ ಬಿಟ್ಟುಕೊಂಡಿರಬೇಕು. ಕಟ್ಟಿನ ಬಗ್ಗೆ ಕೊನೆಯಲ್ಲಿ ಯೋಚಿಸಿದರೆ ಸಾಲದು ಎನ್ನುವುದು ಇದೇ ಕಾರಣಕ್ಕೆ.

ಪ್ಲಾಸ್ಟಿಕ್ ಬಿಸಿಗೆ ಹಿಗ್ಗುತ್ತದೆ. ತಾಪಮಾನ 20 ಡಿಗ್ರಿ ಏರಿದರೆ 76.8 ಸೆಂಟಿಮೀಟರ್ ಉದ್ದದ ಎಬಿಎಸ್ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಹಿಗ್ಗಬಲ್ಲದು. ಸುತ್ತ ಒಂದೊಂದು ಮಿಲಿಮೀಟರ್ ಜಾಗ ಬಿಡದಿದ್ದರೆ ಬೇಸಿಗೆಯಲ್ಲಿ ಹಲಗೆ ಉಬ್ಬುತ್ತದೆ. ತಳಹಲಗೆಯನ್ನು ಪ್ಲೈವುಡ್ಡಿಗೆ ಕಲ್ಲಿನಂತೆ ಗಟ್ಟಿಯಾಗುವ ಅಂಟಿನಿಂದ ಹಿಡಿಸುವ ಬದಲು ಅಲ್ಲಲ್ಲಿ ಸಿಲಿಕೋನ್ ಬೊಟ್ಟುಗಳನ್ನಿಡುವುದು ಒಳ್ಳೆಯದು. ಎರಡು ಹಲಗೆ ಸೇರುವ ಸಂದಿನಲ್ಲಿ, ಅಕ್ಕಪಕ್ಕ ಒಂದೇ ಬಣ್ಣ ಬರುವ ಕಡೆ, ಎರಡು ಗುಬುಟಿನ ತುಂಡನ್ನು ಸೇತುವೆಯಂತೆ ಹಾಕಿದರೆ ಬಿರುಕು ಕಾಣದು.

ಬಿಲ್ಲೆಗಳಿಗೆ ಅಂಟು ಬೇಕಿಲ್ಲ. ಅಚ್ಚಿನ ಬಿಗಿಯೇ ಅವುಗಳನ್ನು ಹಿಡಿದಿಡುತ್ತದೆ. ಉಗುರಿನ ಬಣ್ಣ ತೆಗೆಯಲು ಬಳಸುವ ಅಸಿಟೋನ್ ಎಬಿಎಸ್ ಅನ್ನು ಕರಗಿಸುವುದರಿಂದ ಸ್ವಚ್ಛತೆಗೆ ಅದನ್ನು ಬಳಸಲೇಬಾರದು. ಗಾಜು ಹಾಕದಿದ್ದರೆ ಗುಬುಟುಗಳ ನಡುವೆ ದೂಳು ಕೂರುತ್ತದೆ, ಮೆದು ಕುಂಚದಿಂದ ಆಗಾಗ ಒರೆಸಬೇಕು. ಗಾಜು ಹಾಕಿದರೆ ಎದುರಿನ ಕಿಟಕಿ ಅದರಲ್ಲಿ ಪ್ರತಿಫಲಿಸುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ನೇರ ಬಿಸಿಲು ಬೀಳುವ ಗೋಡೆ ಮಾತ್ರ ಬೇಡ. ನೇರಳಾತೀತ ಕಿರಣಗಳಿಗೆ ಎಬಿಎಸ್ ಹಳದಿಗಟ್ಟುತ್ತದೆ, ಬಿಳಿ ಮತ್ತು ತಿಳಿಬೂದು ಬಣ್ಣಗಳು ಮೊದಲು ಕೆಡುತ್ತವೆ. ತೂಗುಹಾಕುವ ಮುನ್ನ ಕಟ್ಟಿನೊಂದಿಗೆ ತೂಕ ಹಾಕಿ, ಒಂದು ಮೊಳೆಯ ಬದಲು ಪ್ಲಗ್ ಹಾಕಿದ ಎರಡು ಸ್ಕ್ರೂಗಳಿಗೆ ನೇತುಹಾಕುವುದು ಸುರಕ್ಷಿತ.

ಕೊನೆಯದಾಗಿ, ಚೌಕಗಳ ನಕ್ಷೆಯ ಒಂದು ಪ್ರತಿಯನ್ನು ಲಕೋಟೆಯಲ್ಲಿಟ್ಟು ಕಟ್ಟಿನ ಹಿಂಬದಿಗೆ ಅಂಟಿಸುವುದನ್ನು ಮರೆಯಬಾರದು. ಚಿತ್ರ ಕೈಜಾರಿ ಬಿದ್ದು ನಾಲ್ಕು ಸಾವಿರ ಬಿಲ್ಲೆಗಳು ನೆಲದ ತುಂಬ ಚೆಲ್ಲಿದರೂ, ಸಾಲು ಸಾಲಾಗಿ ಎಣಿಸಿ ಹುತ್ರಿದುರ್ಗವನ್ನು ಮೊದಲಿನಂತೆಯೇ ಮತ್ತೆ ಕಟ್ಟಿಕೊಳ್ಳಲು ಆ ಒಂದು ಹಾಳೆ ಸಾಕು.